ಜರ್ಮನಿಯ ಲೈಸೆನ್ಸು

ನಮ್ಮ ಅಕ್ಕನ ಗಂಡ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಾರೆ. ರೇಷ್ಮೆಗೂಡಿನ ಹರಾಜು ಈಗ ಫೋನಿನಲ್ಲೇ ನಡೆಯುವುದರಿಂದ, ಅವರು ಯಾವಾಗಲೂ ಫೋನ್ ಒತ್ತುತ್ತಿದ್ದರೂ ನಮಗೇನೂ ಅನ್ನಿಸಿರಲಿಲ್ಲ. ಹರಾಜು ಮುಗಿದು ಎಷ್ಟೋ ಹೊತ್ತಾದರೂ ಒತ್ತುತ್ತಲೇ ಇದ್ದಾಗ ಅಕ್ಕನಿಗೆ ಭಯವಾಯಿತು.

ಅದು ಪೋಕರ್. ಇಸ್ಪೀಟಿನ ಆಟ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ದೇಶದಲ್ಲಿ ನಿಷೇಧಿಸಿದ ಮೇಲೂ ಭಾವನ ಫೋನಿನಲ್ಲಿ ಅದು ನಿಂತಿರಲಿಲ್ಲ.

"ಇದು ಜರ್ಮನೀದು ಕಣಪ್ಪ," ಅಂದರು. "ಕೆಳಗಡೆ ನೋಡು, ಲೈಸೆನ್ಸ್ ಅಂತ ಬರ್ದವ್ರೆ. ಲೈಸೆನ್ಸ್ ಇಲ್ದೆ ಮಾರ್ಕೆಟ್ಟಲ್ಲಿ ನಂಗೆ ಒಂದು ಗೂಡು ಕೊಡ್ತಾರಾ?"

ಗೂಡಿನ ಮಾರುಕಟ್ಟೆಯಲ್ಲಿ ಲೈಸೆನ್ಸು ಅಂದರೆ ಸರ್ಕಾರವೇ ಪಕ್ಕದಲ್ಲಿ ನಿಂತ ಹಾಗೆ. ಮೋಸವಾದರೆ ಹೋಗಿ ಕೇಳಲು ಒಂದು ಕಚೇರಿ ಇದೆ, ಅಲ್ಲೊಬ್ಬ ಮನುಷ್ಯ ಇರುತ್ತಾನೆ. ಭಾವ ಆ ಪದವನ್ನು ಹಾಗೇ ನಂಬಿದ್ದರು. ನಾನೂ ನಂಬಿದೆ.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ನೀನು ಓದ್ಕೊಂಡಿದ್ದೀಯ. ಅದನ್ನ ಮುಚ್ಸಕ್ಕೆ ಆಯ್ತದಾ ನೋಡೋ ನಮ್ಮಪ್ಪ. ಇವ್ರು ನನ್ ಮಕ ನೋಡಿ ಮಾತಾಡಿ ಎಷ್ಟ್ ದಿನ ಆಯ್ತೋ."

ನಾನು ಮದುವೆಯಾದ ಮೇಲೆ ಹತ್ತನೇ ತರಗತಿ ಪಾಸಾದವನು. ನನ್ನ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಜರ್ಮನಿಯ ಕಾನೂನು ಏನೆಂದು ಓದಿದೆ. ಅಲ್ಲಿ ಎದುರುಬದುರು ಕೂತು ಆಡುವವರು ಪರವಾನಗಿ ಇರುವ ಕ್ಯಾಸಿನೊಗೆ ಹೋಗಬೇಕು. ಫೋನಿನಲ್ಲಿ ಆಡುವವರು ತಿಂಗಳಿಗೆ ಕಟ್ಟುವ ದುಡ್ಡಿಗೆ ಮಿತಿ ಇದೆ. ಪರದೆಯ ಮೇಲೆ ಒಂದು ಬಟನ್ ಇರಲೇಬೇಕು. ಒತ್ತಿದರೆ ಒಂದು ದಿನ ಆಟ ಮುಚ್ಚಿಕೊಳ್ಳುತ್ತದೆ. ಕೈಮೀರಿ ಹೋದವನನ್ನು ತಡೆಯಿರಿ ಎಂದು ಮನೆಯವರೂ ಕೇಳಬಹುದು. ತಡೆ ಬಿದ್ದರೆ ಕ್ಯಾಸಿನೊ ಬಾಗಿಲಲ್ಲೂ ಒಳಗೆ ಬಿಡುವುದಿಲ್ಲ.

"ಮನೆಯವ್ರು ಅಂದ್ರೆ ನಾನು ಕೇಳ್ಬೋದಾ?"

"ಕೇಳ್ಬೋದು ಅಂತಲೇ ಬರ್ದೈತೆ ಅಕ್ಕ."

ಭಾವ ಸ್ನಾನಕ್ಕೆ ಹೋದಾಗ ಅವರ ಫೋನ್ ತೆಗೆದು ಹುಡುಕಿದೆವು. ಆ ಬಟನ್ ಎಲ್ಲೂ ಇರಲಿಲ್ಲ. ಸಹಾಯ ಕೇಳುವ ಜಾಗ ಮಾತ್ರ ಇತ್ತು. ಅಲ್ಲಿ ಬರೆಯತೊಡಗಿದೆ: ಇವರ ಹೆಂಡತಿ ಕೇಳುತ್ತಿದ್ದಾರೆ, ದಯವಿಟ್ಟು ಇವರಿಗೆ ಆಟ ನಿಲ್ಲಿಸಿ.

"ಬೇಗ ಬರ್ಯೋ, ನೀರಿನ ಸದ್ದು ನಿಂತೋಯ್ತು," ಅಂದಳು ಅಕ್ಕ.

ಉತ್ತರ ಬಂದದ್ದು ಊಟಕ್ಕೆ ಕೂತಾಗ. ಭಾವ ಅದನ್ನು ಓದಿದರು. ಮೇಲಕ್ಕೆ ಸರಿಸಿ ನಾನು ಬರೆದದ್ದನ್ನೂ ಓದಿದರು. ಬೈಗುಳಕ್ಕೆ ಕಾದು ಕೂತೆ. ಅವರು ನಕ್ಕರು.

"ನೋಡೇ, ಆಟ ಬಿಡ್ಬೇಡಿ ಅಂತ ನಂಗೆ ಆಡಕ್ಕೆ ದುಡ್ಡೇ ಗಿಫ್ಟ್ ಕಳ್ಸವ್ರೆ. ಎಂಥ ಮರ್ಯಾದೆ! ಭಾಮೈದ, ಆಗಾಗ ಹಿಂಗೇ ಬರೀತಿರಪ್ಪ."

ಅಕ್ಕನ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು. "ಜರ್ಮನಿ ಸರ್ಕಾರಕ್ಕೇ ಬರ್ಯೋ," ಅಂದಳು.

"ಇದು ಅವ್ರದ್ದಲ್ಲ ಅಕ್ಕ. ಅವ್ರದ್ದಾಗಿದ್ರೆ ಆ ಬಟನ್ ಇರ್ತಿತ್ತು."

"ಮತ್ತೆ ಯಾರ್ದು?"

ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ.

"ಶ್," ಅಂದರು ಭಾವ, ಫೋನಿನಿಂದ ತಲೆ ಎತ್ತದೆ. "ಎಲೆ ಹಾಕ್ತಾವ್ರೆ."