ಉಜ್ಜಿ ಹಾಕಿದ ಹೂವು

ವೆಸ್ಟ್ ವರ್ಜೀನಿಯಾದ ಗುಡ್ಡಗಳ ನಡುವಿನ ನಮ್ಮ ಕಣಿವೆಯಲ್ಲಿ ಜಿಂಕೆ ಬೇಟೆಯ ಮೊದಲ ದಿನ ಶಾಲೆಗೂ ರಜೆ. ಗಂಡಸರೆನ್ನಿಸಿಕೊಂಡವರೆಲ್ಲ ಬೆಳಕು ಹರಿಯುವ ಮೊದಲೇ ಕಾಡು ಸೇರಿರುತ್ತಿದ್ದರು. ಡೆಲ್ಫಾಳ ಅಪ್ಪ ಆರ್ವಿಲ್ ಒಬ್ಬನೇ ಮನೆಯಲ್ಲಿ ಉಳಿದು ಮಗಳಿಗೆ ಬಿಸಿಬಿಸಿ ಪ್ಯಾನ್‌ಕೇಕ್ ಹುಯ್ದು ಕೊಡುತ್ತಿದ್ದ. ಆಮೇಲೆ ಅಟ್ಟದಿಂದ ಜಪಾನಿ ರೈಫಲ್ ಇಳಿಸಿ ಎಣ್ಣೆ ಸವರುತ್ತಿದ್ದ. ಜಪಾನಿನ ಮೇಲಿನ ಯುದ್ಧಕ್ಕೆ ಹೋದವನು ತಂದದ್ದು ಅದೊಂದೇ. ಅದರಿಂದ ಒಂದು ಗುಂಡೂ ಹಾರಿಸಿದವನಲ್ಲ.

ಊರು ಸುಮ್ಮನಿರುತ್ತದೆಯೇ? ಇಲ್ಲದ್ದಕ್ಕೆ ಕೈಕಾಲು ಮೂಡಿಸುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ದನದ ಮೇವು ಮಾರುವ ಅಂಗಡಿಯಲ್ಲಿ ಒಲೆಯ ಸುತ್ತ ಕೂತವರು ಕಥೆ ಕಟ್ಟಿಯೇಬಿಟ್ಟರು. ಆರ್ವಿಲ್ ಒಬ್ಬ ಜಪಾನಿಯನ್ನು ಕೊಂದು ಅವನ ಕೈಯಿಂದ ಇದನ್ನು ಕಿತ್ತುಕೊಂಡ. ಮನುಷ್ಯನನ್ನು ಹೊಡೆದವನಿಗೆ ಜಿಂಕೆಗೆ ಗುರಿಯಿಡಲು ಕೈ ಬರುವುದಿಲ್ಲ, ಪಾಪ.

ಆ 'ಪಾಪ' ಡೆಲ್ಫಾಳ ಎದೆಯಲ್ಲಿ ಮುಳ್ಳಾಗಿ ಕೂತಿತು. ನಿಜವೇ ಎಂದು ಅಪ್ಪನನ್ನು ಕೇಳುವ ಧೈರ್ಯ ಬರಲೇ ಇಲ್ಲ. ಕೇಳುವ ಬದಲು ಕನಸು ಕಂಡಳು. ಹೊಳೆಯ ಕಡೆಯಿಂದ ಮಂಜು ಏಳುತ್ತಿದೆ, ತೆಳ್ಳನೆಯ ಒಬ್ಬ ಸೈನಿಕ ಬಂದು ಜಗಲಿಯ ಮೆಟ್ಟಿಲ ಕೆಳಗೆ ನಿಂತಿದ್ದಾನೆ. ಬೂಟುಗಳಿಂದ ನೀರು ತೊಟ್ಟಿಕ್ಕುತ್ತಿದೆ. ರೈಫಲ್ ಕೊಡು ಎನ್ನುವಂತೆ ಕೈ ಚಾಚಿದ್ದಾನೆ. ಅವಳು ಹುಡುಗಿಯಾಗಿದ್ದಾಗ ಬಂದ, ಮದುವೆಯಾದ ಮೇಲೂ ಬಂದ, ಗಂಡ ತೀರಿದ ಮೇಲೂ ಬಂದ. ಅವಳ ಕೂದಲು ಹಣ್ಣಾದರೂ ಅವನಿಗೆ ವಯಸ್ಸಾಗಲಿಲ್ಲ. ಪ್ರತಿ ಸಲವೂ ಅವಳು ಬಾಗಿಲು ಹಾಕಿಕೊಂಡಳು.

ಅಪ್ಪ ತೀರಿಕೊಂಡು ರೈಫಲ್ ಅವಳ ಪಾಲಿಗೆ ಬಂತು. ಕೊಲೆಯಾದವನ ಸೊತ್ತು ಮನೆಯಲ್ಲಿ ಬೇಡ, ಹೊಳೆಗೆ ಹಾಕಿಬಿಡುತ್ತೇನೆ ಎಂದು ಹೊರಟವಳು ಯಾಕೋ ಎಮೋರಿಯ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದಳು. ಕೋವಿ ರಿಪೇರಿ ಮಾಡುವ ಎಮೋರಿ ಅವಳ ಜೊತೆ ಓದಿದವನು. ಇದು ಎಂಥದು, ಹೇಗೆ ಬಂದದ್ದು, ನೋಡಿ ಹೇಳು ಎಂದಳು.

ಎಮೋರಿ ಹಳೆಯ ಎಣ್ಣೆ ಒರೆಸಿ, ಜಪಾನಿ ಸೈನ್ಯದ್ದೇ ಎಂದ. ಆಮೇಲೆ ಅವಳ ಹೆಬ್ಬೆರಳನ್ನು ಹಿಡಿದು, ನಳಿಗೆಯ ಬುಡದಲ್ಲಿ ಒಂದು ಕಡೆ ಒತ್ತಿಸಿದ. ಅಲ್ಲಿ ಅರ ಹಾಕಿ ಉಜ್ಜಿದ ಗೀರುಗಳಿದ್ದವು.

"ಇಲ್ಲಿ ಅವರ ಚಕ್ರವರ್ತಿಯ ಹೂವಿನ ಮುದ್ರೆ ಇತ್ತು. ಹೊಡೆದಾಡಿ ಕಿತ್ಕೊಂಡ ಕೋವಿಲಿ ಸಾಮಾನ್ಯವಾಗಿ ಹೂವು ಹಾಗೇ ಇರುತ್ತೆ. ಸೋತು ಒಪ್ಪಿಸೋವಾಗ ಉಜ್ಜಿ ಹಾಕ್ತಿದ್ರು, ದೊರೆ ಗುರುತು ಶತ್ರು ಕೈಗೆ ಹೋಗಬಾರದು ಅಂತ. ಇದು ಯುದ್ಧ ಮುಗಿದ ಮೇಲೆ ರಾಶೀಲಿ ಬಿದ್ದಿದ್ದು, ಡೆಲ್ಫಾ. ನಮ್ಮ ಹುಡುಗ್ರು ಸಾಲಲ್ಲಿ ನಿಂತು ಒಂದೊಂದು ಎತ್ಕೊಂಡು ಬಂದ್ರು."

"ಹಾಗಾದ್ರೆ ಇದನ್ನ ಹಿಡಿದಿದ್ದೋನು?"

"ಕೆಳಗಿಟ್ಟು ಮನೆಗೆ ಹೋಗಿರ್ತಾನೆ."

ಮತ್ತೆ ಅಪ್ಪ ಬೇಟೆಗೆ ಯಾಕೆ ಹೋಗುತ್ತಿರಲಿಲ್ಲ ಎಂದು ಕೇಳಿದಳು. ಎಮೋರಿಗೆ ನಗು ತಡೆಯಲಾಗಲಿಲ್ಲ. ಆರ್ವಿಲ್ ಮರಕ್ಕೆ ಒರಗಿದರೆ ಸಾಕು, ನಿದ್ದೆ. ಆ ಗೊರಕೆಗೆ ಕಣಿವೆಯ ಜಿಂಕೆಗಳೆಲ್ಲ ಪರಾರಿ. ಅವನನ್ನು ಜೊತೆಗೆ ಕರೆದುಕೊಂಡು ಹೋಗುವವರೇ ಇರಲಿಲ್ಲವಂತೆ. ರೈಫಲ್ ರಾಶಿಯ ವಿಷಯವನ್ನೂ ಆರ್ವಿಲ್ ಒಮ್ಮೆ ಅಂಗಡಿಯಲ್ಲಿ ಹೇಳಿದ್ದನಂತೆ. ಆ ಕಥೆಗೆ ಉಪ್ಪು ಖಾರ ಸಾಲದೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡೆಲ್ಫಾಳಿಗೆ ನಗುವೂ ಬಂತು, ಅಳುವೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಒಂದು ಮಾತು ಕೇಳಿದ್ದರೆ ಅಪ್ಪ ಪ್ಯಾನ್‌ಕೇಕ್ ತಿರುವಿ ಹಾಕುತ್ತಲೇ ಹೇಳಿಬಿಡುತ್ತಿದ್ದ. ರೈಫಲ್ ಹೊಳೆಗೆ ಹೋಗಲಿಲ್ಲ, ಮನೆಗೆ ಬಂತು.

ಮಧ್ಯಾಹ್ನ ಅದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ತೂಗುಕುರ್ಚಿಯಲ್ಲಿ ಕೂತಳು. ಹಿತವಾದ ಬಿಸಿಲಿಗೆ ಕಣ್ಣು ಹತ್ತಿತು. ಹೊಳೆಯ ಕಡೆಯಿಂದ ಅವನು ಬಂದ. ಈ ಸಲ ಅವನ ಕೂದಲೂ ಹಣ್ಣಾಗಿತ್ತು. ಡೆಲ್ಫಾ ಎದ್ದು ರೈಫಲ್ ಚಾಚಿದಳು. ಅವನು ಅದರ ಕಡೆ ನೋಡಲೇ ಇಲ್ಲ. ಒಳಗಿನಿಂದ ಪ್ಯಾನ್‌ಕೇಕ್ ಬೇಯುವ ಘಮ ಬರುತ್ತಿತ್ತು. ಒದ್ದೆ ಬೂಟು ಕಳಚಿ, ಮೆಟ್ಟಿಲ ಬಳಿ ಜೋಡಿಸಿಟ್ಟು, ತೆರೆದ ಬಾಗಿಲಿನಿಂದ ಒಳಗೆ ಹೋದ. ಅಡುಗೆಮನೆಯಲ್ಲಿ ಅಪ್ಪ ಯಾರಿಗೋ, ಇನ್ನೊಂದು ಹಾಕಿಸಿಕೋ ಎನ್ನುತ್ತಿದ್ದುದು ಅವಳಿಗೆ ಕೇಳಿಸಿತು.