ಇನ್ನೂರ ಹನ್ನೊಂದು ಗೂಡು

ಕವಲಂದೆಯಿಂದ ಮದುವೆಯಾಗಿ ಬಂದ ಮುದ್ದಮ್ಮನಿಗೆ ಅತ್ತೆ ಹಾಕಿದ್ದು ಒಂದೇ ಕಟ್ಟಳೆ. ಹಿತ್ತಿಲ ಹುಣಸೆಮರದಲ್ಲಿ ಕೊಕ್ಕರೆ ಗೂಡು ಕಟ್ಟಿದ ಮೇಲೆ ಮರಿ ಹಾರುವ ತನಕ ಯಾರೂ ಮರ ಹತ್ತಕೂಡದು; ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಅರ್ಧ ಹುಣಸೆಹಣ್ಣು ಉದುರಿ ಹಾಳಾದರೂ ನಲವತ್ತು ವರ್ಷ ಮುದ್ದಮ್ಮ ಆ ಮಾತು ಮೀರಲಿಲ್ಲ. ಗೂಡಿನಿಂದ ಬಿದ್ದ ಮರಿಗೆ ಕೆರೆಮೀನು ತಂದು ತಿನ್ನಿಸುತ್ತಿದ್ದಳು. ಲಿಂಗ ಕಟ್ಟಿದವಳು ಮೀನು ಮುಟ್ಟುತ್ತಾಳಲ್ಲ ಎಂದು ನೆಂಟರು ಮೂಗು ಮುರಿದರೆ, ಮುರಿದುಕೊಳ್ಳಲಿ ಎಂದು ಇನ್ನೊಂದು ಮೀನು ತರುತ್ತಿದ್ದಳು.

ಆಮೇಲೆ ಹತ್ತಿರದ ವಿಮಾನ ನಿಲ್ದಾಣ ದೊಡ್ಡದು ಮಾಡುವ ಮಾತು ಹುಟ್ಟಿತು. ರನ್‌ವೇ ಊರ ಕೆರೆಯಂಚಿಗೇ ಬರುತ್ತದೆಂದು ತಿಳಿದು ನಿವೃತ್ತ ಮೇಷ್ಟ್ರು ಗಂಗಾಧರಸ್ವಾಮಿ ಊರ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳಿಗೆ ಕುತ್ತು ಎಂದು ಊರ ಪರವಾಗಿ ತಕರಾರು ಅರ್ಜಿ ಬರೆದರು. ನಂಜನಗೂಡಿನಲ್ಲಿ ಸಭೆ ಸೇರಿತು. ಊರಿನಲ್ಲಿರುವುದು ಹನ್ನೆರಡು ಗೂಡು, ಅದೊಂದು ದೊಡ್ಡ ವಿಷಯವೇ ಅಲ್ಲ ಎಂದು ಅಧಿಕಾರಿ ವರದಿ ಓದಿದ.

ಮುದ್ದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದೇ ನಿಂತಳು.

"ಅನ್ನೆಲ್ಡಾ? ಯಾವನ್ ಸಾ ಎಣಿಸ್ದೋನು? ಇನ್ನೂರ ಅನ್ನೊಂದ್ ಗೂಡವೆ. ಒಂದೊಂದ್ ಮರದ್ ಕೆಳ್ಗೂ ನಿಂತ್ಕಂಡ್ ನಾನೇ ಎಣಿಸಿವ್ನಿ. ಬರ್ಕಳಿ!"

"ಸರಿಯಾಗಿ ಎಣಿಸಿದ್ದೀರಾ ತಾಯಿ?" ಅಧಿಕಾರಿ ಬರೆದುಕೊಳ್ಳುತ್ತಲೇ ಕೇಳಿದ.

"ನಂಜುಂಡೇಶ್ವರನ ಆಣೆಗೂ ಸಾ."

ಊರವರು ಚಪ್ಪಾಳೆ ತಟ್ಟಿದರು. ಆ ಮಹರಾಯ ಅಷ್ಟೊಂದು ಮುತುವರ್ಜಿಯಿಂದ ಬರೆದುಕೊಂಡದ್ದೇಕೆಂದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಸರ್ಕಾರದ ಕಾಗದ ಬಂತು. ಮೇಷ್ಟ್ರು ಮುದ್ದಮ್ಮನ ಜಗಲಿಯಲ್ಲಿ ಕೂತು ಓದಿದರು. ಮುದ್ದಮ್ಮನವರ ಹೇಳಿಕೆಯಂತೆ ಗ್ರಾಮದಲ್ಲಿ ಇನ್ನೂರ ಹನ್ನೊಂದು ಗೂಡುಗಳಿದ್ದು, ಇಷ್ಟು ಹಕ್ಕಿಗಳಿಂದ ವಿಮಾನಗಳಿಗೆ ಅಪಾಯ. ಮುಂದೆ ಗೂಡು ಕಂಡುಬಂದ ಪ್ರತಿ ಮರವನ್ನೂ ಕಡಿಯತಕ್ಕದ್ದು. ಕಾಪಾಡಲು ಕೊಟ್ಟ ಲೆಕ್ಕವನ್ನೇ ಕೊಡಲಿ ಮಾಡಿಕೊಂಡಿದ್ದರು, ಅವರ ಬುದ್ಧಿಗಿಷ್ಟು ಬೆಂಕಿ ಹಾಕ. ಅದರಲ್ಲಿ ಅವಳ ಹೆಸರಿಗೆ 'ಅವರು' ಬೇರೆ ಸೇರಿಸಿದ್ದರು.

"ಮರೀ ಇದ್ರೂ ಕಡ್ದಾರಾ ಮೇಷ್ಟ್ರೆ?"

"ಕಾಗ್ದದಲ್ಲಿ ಮರಿ ವಿಚಾರನೇ ಇಲ್ಲ ಕಣವ್ವ."

"ಗೂಡೇ ಕಟ್ದೆ ಇದ್ರೆ?"

ಮೇಷ್ಟ್ರು ಕನ್ನಡಕ ತೆಗೆದರು. "ಆಗ ಮರ ಉಳ್ಕತದೆ."

ಸಂಕ್ರಾಂತಿ ಮುಗಿದ ವಾರ, ಬೆಳಿಗ್ಗೆ ಮೊದಲ ಜೋಡಿ ಬಂದು ಹಳೆಯ ಕೊಂಬೆಗೆ ಇಳಿಯಿತು. ಒಂದರ ಕೊಕ್ಕಿನಲ್ಲಿ ಕಡ್ಡಿಯಿತ್ತು. ಪ್ರತಿ ವರ್ಷ ಆ ದಿನ ಮುದ್ದಮ್ಮ ಮರದ ಬುಡಕ್ಕೆ ವಿಭೂತಿ ಹಚ್ಚಿ ಹೂವಿಡುತ್ತಿದ್ದಳು. ಈ ಸಲ ಊಟದ ತಟ್ಟೆಯನ್ನೂ ಸೌಟನ್ನೂ ಹಿಡಿದು ಬಂದಳು.

"ಓಗ್ರವ್ವ! ಓಗಿ! ನಿಮ್ಗ್ ಇಲ್ಲಿ ಯಾರೂ ಇಲ್ಲ!"

ಗಂಟಲು ಕಿತ್ತುಹೋಗುವಂತೆ ಕೂಗುತ್ತ ತಟ್ಟೆ ಬಡಿದಳು. ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ಹಕ್ಕಿಗಳು ಒಂದು ಸುತ್ತು ಹಾರಿ, ಮತ್ತೆ ಅದೇ ಕೊಂಬೆಗೆ ಬಂದು ಕೂತವು. ಅವಳನ್ನು ಕಂಡು ಅವು ಯಾವತ್ತೂ ಹೆದರಿದ್ದೇ ಇಲ್ಲ.

ಮುದ್ದಮ್ಮ ಬಗ್ಗಿ ಕಲ್ಲು ಎತ್ತಿಕೊಂಡಳು.