ಪಕ್ಷದ ದಿನ ನಾನು ಒಳಗಿದ್ದೆ

ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಹೊಟ್ಟೆ ಹಲಗೆಗೆ ತಾಗುತ್ತಿತ್ತು. ಹಿಂದೆ ಸರಿದರೆ ಕಾಲು ಪೆಡಲ್ಲಿಗೆ ಎಟುಕುತ್ತಿರಲಿಲ್ಲ. ನನ್ನ ಕಾಯಿಲೆ ಶುರುವಾದದ್ದು ಹೀಗೆ.

ಹುಣಸೂರಿನಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಅರ್ಧ ಊರಿನ ಹೆಂಗಸರ ಅಳತೆ ನನಗೆ ಬಾಯಿಪಾಠ. ನನ್ನ ಅಳತೆ ಮಾತ್ರ ಟೇಪಿಗೆ ಸಿಗುತ್ತಿರಲಿಲ್ಲ. ಗಿರಾಕಿಗಳು ನಗುವ ಮೊದಲೇ ನಾನು ನಕ್ಕುಬಿಡುತ್ತಿದ್ದೆ, ಅವರ ಕೆಲಸ ಉಳಿಯಲಿ ಎಂದು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಮಂಡಿ ಹೋಯಿತು. ಮಲಗಿದರೆ ಉಸಿರು ಕಟ್ಟತೊಡಗಿತು. ಪಕ್ಕದಲ್ಲಿ ನಮ್ಮವರು ನಿದ್ದೆಗೆಟ್ಟು ನನ್ನ ಭುಜ ಅಲ್ಲಾಡಿಸುತ್ತಿದ್ದರು. ನಾನು ಬೆಳಗ್ಗೆದ್ದು, ನನ್ನ ನಿದ್ದೆ ಯಾಕೆ ಕೆಡಿಸಿದಿರಿ ಎಂದು ಅವರನ್ನೇ ಬೈಯುತ್ತಿದ್ದೆ.

ಬೆಂಗಳೂರಿನ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ಮೇಲ್ಭಾಗದಲ್ಲಿ ಪುಟ್ಟ ಚೀಲದಷ್ಟು ಉಳಿಸಿ, ಅದನ್ನು ಕೆಳಗಿನ ಕರುಳಿಗೆ ಜೋಡಿಸುತ್ತಾರಂತೆ. ಹೆಸರು ಗ್ಯಾಸ್ಟ್ರಿಕ್ ಬೈಪಾಸ್. ನನಗೆ ಅದು ಬ್ಲೌಸ್ ಆಲ್ಟರ್ ಮಾಡಿದ ಹಾಗೇ ಕಂಡಿತು. ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು.

ಹಸಿವು ನಿಂತುಹೋಯಿತು.

ಕಡಿಮೆಯಾಯಿತು ಎಂದಲ್ಲ. ಇಲ್ಲವೇ ಇಲ್ಲ. ಹುಟ್ಟಿದಾಗಿನಿಂದ ಜೊತೆಗಿದ್ದು, ಗಳಿಗೆಗೊಮ್ಮೆ ಹೆಸರು ಹಿಡಿದು ಕೂಗುತ್ತಿದ್ದವರು ಯಾರೋ ಹೇಳದೆ ಕೇಳದೆ ಮನೆ ಬಿಟ್ಟು ಹೋದ ಹಾಗೆ. ಸಾರಿನ ವಾಸನೆ ಬರುತ್ತಿತ್ತು, ಅದು ಪಕ್ಕದ ಮನೆಯವರ ಮಾತಿನಂತೆ ಕಿವಿಗೆ ಬಿದ್ದು ಹೋಗುತ್ತಿತ್ತು. ಮೊದಮೊದಲು ಖುಷಿಯಾಯಿತು. ಆಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟು, ಯಾವುದಾದರೂ ಸದ್ದು ಕೇಳುತ್ತದೆಯೇ ಎಂದು ಕಾದೆ. ಏನೂ ಕೇಳಲಿಲ್ಲ.

ಆಪರೇಷನ್ ಆದವರೆಲ್ಲ ತಿಂಗಳಿಗೊಮ್ಮೆ ಮೈಸೂರಿನಲ್ಲಿ ಸೇರುತ್ತಿದ್ದೆವು. ಸಪೋರ್ಟ್ ಗ್ರೂಪ್ ಎನ್ನುತ್ತಿದ್ದರು. ಹೊಸಬರಿಗೆಂದು ಕೈಯಿಲ್ಲದ ಅಗಲ ಕುರ್ಚಿಗಳು. ಹಳಬರು ಅದೇ ಕುರ್ಚಿಯಲ್ಲಿ ಕೂತರೆ ಎರಡೂ ಕಡೆ ಜಾಗ ಉಳಿಯುತ್ತಿತ್ತು. ತಿಂಗಳು ತಿಂಗಳಿಗೆ ಮುಖಗಳು ಬದಲಾಗುತ್ತಿದ್ದವು, ದನಿ ಮಾತ್ರ ಹಳೆಯದೇ. ಯಾರಾದರೂ ಮಾತಾಡಿಸಿದರೆ ಕಣ್ಣು ಮುಚ್ಚಿ ದನಿ ಕೇಳಿ ಗುರುತು ಹಿಡಿಯುತ್ತಿದ್ದೆ.

ಅಲ್ಲಿ ನನಗೆ ಸಿಕ್ಕವರು ಕೆ.ಆರ್. ನಗರದ ಹತ್ತಿರದ ಮಿರ್ಲೆಯ ಶಾರದಕ್ಕ. ಗದ್ದೆ, ಎಮ್ಮೆ ಎರಡನ್ನೂ ನೋಡಿಕೊಳ್ಳುವ ಹೆಂಗಸು. ನನಗಿಂತ ಒಂದು ವರ್ಷ ಮೊದಲು ಆಪರೇಷನ್ ಆಗಿತ್ತು. ದೊಡ್ಡ ದನಿ. ಮೊದಲ ದಿನವೇ ಒಂದು ಗಂಟು ಬಟ್ಟೆ ತಂದು ನನ್ನ ಮಡಿಲಿಗೆ ಹಾಕಿದರು.

"ಇಕ್ಕೊ ಹುಡ್ಗಿ. ಮೈ ಇಳೀತಾ ಇಳೀತಾ ಬೇಕಾಯ್ತದೆ. ಹೊಸ್ದು ಹೊಲಿಸ್ಕಬೇಡ, ತೊಡೋ ಹೊತ್ಗೆ ಅದೂ ದೊಗಲೆಯಾಗಿರ್ತದೆ."

ಇದು ಆ ಗುಂಪಿನ ಪದ್ಧತಿ. ಒಬ್ಬರಿಗೆ ಸಡಿಲವಾದ ರವಿಕೆ ಮುಂದಿನವರಿಗೆ ಹೋಗುತ್ತಿತ್ತು. ನಾನು ಟೈಲರ್ ಎಂದು ತಿಳಿದ ಮೇಲೆ ಎಲ್ಲರೂ ಸಡಿಲವಾದದ್ದನ್ನು ನನ್ನ ಹತ್ತಿರವೇ ಹೊಲಿಗೆ ಹಾಕಿ ಹಿಡಿಸಿಕೊಳ್ಳತೊಡಗಿದರು. ಒಂದು ಹಸಿರು ರವಿಕೆಯ ಒಳಗೆ ಸಾಲು ಸಾಲು ಹಳೆಯ ಹೊಲಿಗೆಯ ಗುರುತಿತ್ತು, ತೊಟ್ಟವರೆಲ್ಲ ಎಷ್ಟೆಷ್ಟು ಇಳಿದರು ಎಂದು ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. ಎಲ್ಲಕ್ಕಿಂತ ಒಳಗಿನ ಹೊಲಿಗೆ ಮಗುವಿನ ಅಂಗಿಯಷ್ಟು ಕಿರಿದು.

"ಇಷ್ಟು ಸಣ್ಣಗೆ ತೊಟ್ಟವರು ಯಾರಕ್ಕ?"

ಶಾರದಕ್ಕನ ದೊಡ್ಡ ದನಿ ಅಡಗಿತು. "ಅವ್ಳೀಗ ಬರಾಕಿಲ್ಲ ಕಣವ್ವ. ವಾಂತಿ ವಾಂತಿ ಅಂತಿದ್ಲು. ಯಾರ್ಗೂ ಸರ್ಯಾಗಿ ಹೇಳ್ನೇ ಇಲ್ಲ."

ಅಂದಿನಿಂದ ದಿನಾ ಸಂಜೆ ನನಗೆ ಅವರ ಫೋನ್. ನಮಸ್ಕಾರ ಇಲ್ಲ, ಕ್ಷೇಮ ಸಮಾಚಾರ ಇಲ್ಲ. "ಏನ್ ತಿಂದೆ?" ಅಷ್ಟೇ. ಹೇಳಿದ್ದು ಸಾಲದಿದ್ದರೆ ಬೈಗುಳ. ಹೆತ್ತವ್ವ ಕೂಡ ನನ್ನನ್ನು ಹಾಗೆ ಬೈದಿರಲಿಲ್ಲ. ಸೀರೆಯ ಒಳಗೆ ಸೊಂಟಕ್ಕೊಂದು ಚೀಲ ಹೊಲಿದುಕೊಂಡು ಆ ಮೊಬೈಲನ್ನು ಅದರಲ್ಲೇ ಇಟ್ಟುಕೊಳ್ಳುತ್ತಿದ್ದೆ, ಎತ್ತದಿದ್ದರೆ ಮರುದಿನ ಎರಡರಷ್ಟು ಬೈಯುತ್ತಾರಲ್ಲ ಎಂದು.

ಮೈ ಇಳಿಯಿತು. ಸಕ್ಕರೆಯ ಮಾತ್ರೆ ನಿಂತಿತು. ಉಸಿರು ಹಗುರಾಯಿತು. ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ, ಆ ಸುಖ ನಿಜವಾದದ್ದೇ.

ಆದರೆ ಬೇರೆಯದೂ ನಡೆಯುತ್ತಿತ್ತು. ನಮ್ಮ ನಾಯಿ ನನ್ನನ್ನು ಕಂಡು ಗುರ್ ಎಂದಿತು. ಮೊದಲು ಕಾಲುಂಗುರ ಕಳಚಿಬಿತ್ತು, ಆಮೇಲೆ ಕೈತೊಳೆಯುವಾಗ ಕೈಯುಂಗುರವೂ ಜಾರಿ ಬಚ್ಚಲಿಗೆ ಬಿತ್ತು. ಬಸ್ಸಿನಲ್ಲಿ ಹಳೆಯ ಗಿರಾಕಿಗಳು ನನ್ನ ಪಕ್ಕದಲ್ಲೇ ಕೂತು, ನನ್ನ ಬಗ್ಗೆಯೇ ಮಾತಾಡಿಕೊಂಡರು. "ಟೈಲರ್ ಸುಸೀಲಮ್ಮ ಒಟ್ಟೆ ಕೊಯ್ಸ್ಕಂಡವ್ಳಂತೆ. ಬದ್ಕಿರೋದು ಡೌಟಂತೆ ಕಣ್ರೀ." ನಾನು ತಿರುಗಿ ನೋಡಿದೆ. ಅವರೂ ನೋಡಿದರು. ಗುರುತು ಹತ್ತಲಿಲ್ಲ.

ಸದಾ ಚಳಿ. ಹೊಗೆಸೊಪ್ಪು ಬೇಯಿಸುವ ಕಾಲ ಬಂದು ಮನೆಯ ಹಿಂದೆ ಸೊಪ್ಪು ಒಣಗಿಸುವ ಬ್ಯಾರನ್ ಕೋಣೆಯ ಒಲೆಗೆ ಬೆಂಕಿ ಹಾಕಿದರು. ಎಲ್ಲರೂ ಶಾಖ ತಾಳದೆ ಹೊರಗೋಡುವ ಜಾಗದಲ್ಲಿ ನಾನು ಸೆರಗು ಹೊದ್ದು ಗೋಡೆಗೆ ಒರಗಿ ಕೂರುತ್ತಿದ್ದೆ. ಬೆನ್ನು ಬೆಚ್ಚಗಾಗುತ್ತಿತ್ತು, ಒಳಗೆ ಚಳಿ ಹಾಗೇ ಇರುತ್ತಿತ್ತು. ಅದೇ ದಿನಗಳಲ್ಲಿ ತಿಂದದ್ದು ತಿರುಗಿ ಬರತೊಡಗಿತು. ಎರಡು ತುತ್ತು ಒಳಗೆ, ಮೂರನೆಯದಕ್ಕೆ ಎಲ್ಲ ಹೊರಗೆ. ವಿಟಮಿನ್ ಮಾತ್ರೆಯೂ ನಿಲ್ಲಲಿಲ್ಲ. ಹೊಗೆಸೊಪ್ಪಿನ ಘಾಟಿಗೆ ಎಂದುಕೊಂಡೆ. ನಮ್ಮ ಕಡೆ ಆ ಕಾಲದಲ್ಲಿ ವಾಕರಿಸದ ಹೆಂಗಸು ಯಾರಿದ್ದಾಳೆ? ಶಾರದಕ್ಕ "ಏನ್ ತಿಂದೆ" ಎಂದರೆ ತಿಂದದ್ದನ್ನು ಹೇಳುತ್ತಿದ್ದೆ. ಅದು ಉಳಿಯಿತೇ ಎಂದು ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಪಾದ ಜುಮುಜುಮು ಎನ್ನುತ್ತಿತ್ತು. ಪೆಡಲ್ ತುಳಿಯುವವಳಿಗೆ ಪಾದ ಜೋಮು ಹಿಡಿಯುವುದು ಹೊಸದಲ್ಲ. ಪಕ್ಷದ ಹಬ್ಬಕ್ಕೆ ಬಟ್ಟೆ ಹೊಲಿಯುವ ಕೆಲಸವೂ ಜಾಸ್ತಿಯಿತ್ತು.

ಪಕ್ಷದಲ್ಲಿ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಹಿರಿಯರು ಬಂದು ಉಂಡು ಹೋಗುತ್ತಾರೆ. ಆ ಹೊತ್ತಿನಲ್ಲಿ ಯಾರೂ ಒಳಗಿರಬಾರದು. ಆಮೇಲೆ ಕೆಮ್ಮಿ, ಸದ್ದು ಮಾಡಿ, ಬಾಗಿಲು ತೆಗೆಯುತ್ತಾರೆ. ನಮ್ಮತ್ತೆ ತೀರಿಕೊಂಡ ಮೇಲೆ ಪ್ರತಿ ವರ್ಷ ಅವರ ಎಡೆಗೆ ಸೀರೆಯ ಜೊತೆ ರವಿಕೆ ಹೊಲಿಯುವವಳು ನಾನೇ. ಅಳತೆಗೆ ಹಳೆಯ ರವಿಕೆಯೂ ಬೇಡ, ಕೈಗೇ ಗೊತ್ತು. ಸಣ್ಣ ಮೈಯ ಹೆಂಗಸು. ಎಡೆ ಮುಗಿದ ಮೇಲೆ ಸೀರೆ ನನಗೆ, ರವಿಕೆ ನಾದಿನಿ ಮಂಗಳಾಗೆ. ನನ್ನ ಒಂದು ತೋಳೂ ಅದರಲ್ಲಿ ಹಿಡಿಯುತ್ತಿರಲಿಲ್ಲ.

ಈ ಸಲ ಹೊಲಿದು ಮುಗಿಸಿ, ಸುಮ್ಮನೆ ತಮಾಷೆಗೆ ತೊಟ್ಟು ನೋಡಿದೆ.

ಒಂದು ನೂಲೂ ಹೆಚ್ಚುಕಡಿಮೆಯಿಲ್ಲ.

ಬೇಗ ಬೇಗ ಬಿಚ್ಚಿ ಮಡಿಚಿಟ್ಟೆ. ಯಾರಿಗೂ ಹೇಳಲಿಲ್ಲ. ಹೆದರಿಕೆಯಾಗಿತ್ತು.

ಹಬ್ಬದ ದಿನ ಪಿರಿಯಾಪಟ್ಟಣದಿಂದ ಮಂಗಳಾ ಬಂದಿದ್ದಳು. ಕೋಳಿ ಸಾರು, ಮುದ್ದೆ, ಕಜ್ಜಾಯ, ಅತ್ತೆಗೆ ಎಲೆ ಅಡಿಕೆ ಜೊತೆ ಒಂದು ಎಸಳು ಹೊಗೆಸೊಪ್ಪು. ಎಲ್ಲ ಬಡಿಸುವ ಹೊತ್ತಿಗೆ ಸಂಜೆ. ಒಳಕೋಣೆಯಿಂದ ಅತ್ತೆಯ ಸೀರೆ ತರಲು ಹೋದ ನನಗೆ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಕೂತೆ. ಸೀರೆ ತೊಡೆಯ ಮೇಲೆ ಬಿಚ್ಚಿಕೊಂಡಿತು. ನಾನು ಬರಲಿಲ್ಲವೆಂದು ಮಂಗಳಾ ಬೇರೆ ಸೀರೆ ಹುಡುಕಿ ಎಡೆಗೆ ಇಟ್ಟಳಂತೆ. ನಾನು ಹೊರಗೆ ಹೋಗಿದ್ದೇನೆ ಎಂದು ಎಲ್ಲರೂ ಎಣಿಸಿದರು. ಮೊದಲಾದರೆ ನಾನು ಇಲ್ಲದ್ದು ಯಾರಿಗಾದರೂ ಗೊತ್ತಾಗದೆ ಇರುತ್ತಿತ್ತೇ? ಬಾಗಿಲಿನಷ್ಟು ಅಗಲದ ಹೆಂಗಸು.

ಎಚ್ಚರವಾದಾಗ ಬಾಗಿಲು ಮುಚ್ಚಿತ್ತು.

ಎದುರಿನ ನಡುಮನೆಯಲ್ಲಿ ಎಡೆ. ಧೂಪದ ಹೊಗೆಯಲ್ಲಿ ದೀಪ ಎರಡಾಗಿ ಕಾಣುತ್ತಿತ್ತು. ನಾನು ಹಚ್ಚಿದ್ದು ಒಂದೇ ದೀಪ. ಅತ್ತೆಯ ಫೋಟೋ ಎರಡು. ಒಬ್ಬರು ಗೋಡೆಯಲ್ಲಿ, ಇನ್ನೊಬ್ಬರು ಅದರಿಂದ ಸ್ವಲ್ಪ ಜರುಗಿ ನನ್ನ ಕಡೆಗೆ. ಕಣ್ಣುಜ್ಜಿದರೂ ಇಬ್ಬರೂ ಹೋಗಲಿಲ್ಲ. ಏಳಲು ನೋಡಿದೆ. ಮಂಡಿಯಿಂದ ಕೆಳಗೆ ನನ್ನದು ಎನ್ನುವುದು ಏನೂ ಇರಲಿಲ್ಲ. ತೆವಳಿದೆ. ಸೀರೆ ಮೈಗೆ ಸುತ್ತಿಕೊಂಡಿತು. ಎಡೆಯ ಮುಂದೆ ಬರುವಷ್ಟರಲ್ಲಿ ಕೈಯೂ ಸೋತಿತು, ಅಲ್ಲೇ ಗೋಡೆಗೊರಗಿ ಕೂತೆ. ಹೊರಗೆ ಮಂಗಳಾ ಮೆಲ್ಲಗೆ ಅತ್ತೆಯ ಗುಣಗಾನ ಮಾಡುತ್ತಿದ್ದಳು. ಕೂಗಿದೆ. ದನಿ ಹೊರಡಲಿಲ್ಲ.

ಮಾವ ಕೆಮ್ಮಿದರು. ಬಾಗಿಲು ತೆರೆಯಿತು. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹೊಗೆಯಲ್ಲಿ, ದೀಪದ ಬೆಳಕಿನಲ್ಲಿ, ಅತ್ತೆಯ ಸೀರೆಯಲ್ಲಿ ಕೂತವಳನ್ನು ನೋಡಿದರು. ಹೊಸ್ತಿಲಲ್ಲೇ ನಿಂತು ಕೈ ಮುಗಿದರು.

"ಬಂದ್ಯೇನೇ?" ಎಂದರು. ಆ ದನಿಯನ್ನು ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. "ಯಾಕೆ ಏನೂ ಮುಟ್ನೇ ಇಲ್ಲ? ಉಣ್ಣು. ನಿಧಾನಕ್ಕೆ ಉಣ್ಣು."

ಬಾಯಿ ಅಲ್ಲಾಡಿಸಿದೆ. ಮಾವ ಹಿಂದೆ ಸರಿದು ಹೊರಗಿನವರಿಗೆ ಹೇಳಿದರು. "ತಡೀರ್ಲಾ. ಇನ್ನೂ ಉಂಡಿಲ್ಲ ಅವ್ಳು."

ಬಾಗಿಲು ಮತ್ತೆ ಮುಚ್ಚಿತು.

ಆ ಗಳಿಗೆಯನ್ನು ಹೇಗೆ ಬರೆಯಲಿ? ನನಗೆ ಗಾಬರಿಯಾಗಲಿಲ್ಲ, ಅದೇ ಭಯಂಕರ. ಸರಿ, ನಾನು ಈ ಕಡೆಯವಳೇ ಇರಬಹುದು ಎನ್ನಿಸಿತು. ರವಿಕೆಯೂ ಸರಿಯಾಗಿತ್ತಲ್ಲ. ಎದುರಿಗೆ ಎಲೆ ತುಂಬ ಊಟ, ಒಂದು ಅಗುಳೂ ಬೇಡ. ಹಸಿವಿಲ್ಲದವರಿಗೆ ಎಡೆ ಇಡುವುದೇ ಅಲ್ಲವೇ ನಾವು ಮಾಡುತ್ತಿರುವುದು ಎಂದು ಯೋಚಿಸುತ್ತ, ತಣ್ಣಗೆ ಕೂತಿದ್ದೆ.

ಆಗ ಸೊಂಟದಲ್ಲಿ ಫೋನ್ ಬಡಿದುಕೊಂಡಿತು.

ಬೆರಳು ತಡಕಾಡಿ ಗುಂಡಿ ಒತ್ತಿತು. "ಏನ್ ತಿಂದೆ?" ಎಂದರು ಶಾರದಕ್ಕ. ಎಡೆಯ ಮುಂದೆ, ಮುಚ್ಚಿದ ಮನೆಯಲ್ಲಿ, ಆ ದೊಡ್ಡ ದನಿ. ನನಗೆ ಅಳು ಬಂತು, ಅಳುವಿನ ಜೊತೆ ಮಾತೂ ಬಂತು.

"ಕಾಲಿಲ್ಲ ಅಕ್ಕ. ಎಲ್ಲ ಎರಡೆರಡು ಕಾಣ್ತದೆ."

"ವಾಂತಿ ಅದಾ?"

"ಅದೆ. ಸುಮಾರು ದಿನದಿಂದ."

ಶಾರದಕ್ಕ ಕಿರುಚಿದರು. "ಮನೇಲಿ ಯಾರಿದ್ದೀರ್ರೀ! ಬದ್ಕಿರೋ ಹೆಂಗ್ಸನ್ನ ನೋಡ್ಕಳಿ ಮೊದ್ಲು!"

ಫೋನಿನ ಸದ್ದಿಗೆ ಹೊರಗೆ ಗಲಾಟೆಯಾಗಿತ್ತು. ಸತ್ತವರು ಮೊಬೈಲ್ ಇಟ್ಟುಕೊಳ್ಳುವುದಿಲ್ಲ ಎಂದು ನಮ್ಮವರಿಗೆ ಹೊಳೆದದ್ದು ನನ್ನ ಪುಣ್ಯ. ಬಾಗಿಲು ತಳ್ಳಿಕೊಂಡು ಬಂದರು. ಶಾರದಕ್ಕ ಅವರಿಗೂ ಬೈದರು. ಎಲ್ಲೂ ನಿಲ್ಲಬೇಡಿ, ಸೀದಾ ಮೈಸೂರಿಗೆ ಕರೆತನ್ನಿ, ಡಾಕ್ಟರಿಗೆ ನಾನು ಹೇಳಿರುತ್ತೇನೆ ಎಂದರು. ಗಾಡಿ ಹುಡುಕಿ ನಾವು ಮೈಸೂರು ತಲುಪುವ ಹೊತ್ತಿಗೆ ಅವರು ಕೆ.ಆರ್. ನಗರದಿಂದ ಬಸ್ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಕಾಲಲ್ಲಿ ಗದ್ದೆಯ ಕೆಸರು ಹಾಗೇ ಇತ್ತು.

ವಿಟಮಿನ್ ಬಿ-ಒನ್ ಪೂರ್ತಿ ಬರಿದಾಗಿದೆ ಎಂದರು ಡಾಕ್ಟರು. ರಕ್ತನಾಳಕ್ಕೇ ಇಂಜೆಕ್ಷನ್ ಕೊಟ್ಟರು. ಎಂಡೋಸ್ಕೋಪಿ ಮಾಡಿ, ಹೊಟ್ಟೆ ಕರುಳಿಗೆ ಸೇರುವ ಕಡೆ ಕಿರಿದಾದದ್ದನ್ನು ಅಗಲ ಮಾಡಿದರು. "ಇನ್ನು ಸ್ವಲ್ಪ ತಡವಾಗಿದ್ದರೆ ನೆನಪೂ ಹೋಗುತ್ತಿತ್ತಮ್ಮ," ಎಂದರು. ದೀಪಗಳು ಮೊದಲು ಒಂದಾದವು. ಕಾಲು ಬರಲು ಬಹಳ ದಿನ ಹಿಡಿಯಿತು. ಎಡಪಾದದ ಬೆರಳುಗಳು ಈಗಲೂ ನನ್ನ ಮಾತು ಪೂರ್ತಿ ಕೇಳುವುದಿಲ್ಲ, ಬಲಗಾಲಲ್ಲೇ ಪೆಡಲ್ ತುಳಿಯುತ್ತೇನೆ.

ಮಾವ ಆಸ್ಪತ್ರೆಗೆ ಬಂದು ಮಂಚದ ತುದಿಯಲ್ಲಿ ಕೂತರು. "ತಪ್ಪಾಯ್ತು ಕಣವ್ವ," ಎಂದರು. ಅವರ ದುಃಖ ಯಾವುದು ಎಂದು ನನಗೆ ಗೊತ್ತಿತ್ತು. ಸೊಸೆಯನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ್ದು ಒಂದು. ಬಂದಿದ್ದು ಅತ್ತೆಯಲ್ಲವಲ್ಲ ಎನ್ನುವುದು ಇನ್ನೊಂದು. ನನಗೆ ಎರಡಕ್ಕೂ ಸಂಕಟವಾಯಿತು.

ಈಗ ಗಡಿಯಾರ ನೋಡಿ ಉಣ್ಣುತ್ತೇನೆ. ಹಸಿವು ಬರಲಿ ಎಂದು ಕಾಯುವುದಿಲ್ಲ. ಗುಂಪಿನಲ್ಲಿ ನನಗೂ ಒಬ್ಬಳು ಹೊಸಬಳನ್ನು ಒಪ್ಪಿಸಿದ್ದಾರೆ, ಎಚ್.ಡಿ. ಕೋಟೆಯ ಹುಡುಗಿ. ದಿನಾ ಸಂಜೆ ಫೋನ್ ಮಾಡುತ್ತೇನೆ. ಏನು ತಿಂದೆ, ಉಳಿಯಿತಾ, ಎರಡನ್ನೂ ಕೇಳುತ್ತೇನೆ. ಹಸಿರು ರವಿಕೆಯನ್ನು ಅವಳಿಗೆ ಕೊಡಲಿಲ್ಲ. ಅದು ನನ್ನ ಅಂಗಡಿಯ ಡ್ರಾಯರಿನಲ್ಲೇ ಇದೆ.

ಮೊನ್ನೆ ಮತ್ತೆ ಪಕ್ಷ ಬಂತು. ಎಡೆ ಇಟ್ಟಾಯಿತು. ಬಾಗಿಲು ಮುಚ್ಚುವ ಮೊದಲು ಮಾವ ಒಬ್ಬೊಬ್ಬರನ್ನೇ ಮುಟ್ಟಿ ನೋಡಿದರು. "ಸುಸೀಲ ಎಲ್ಲವ್ಳೆ?"

"ಇಲ್ಲೇ ಇವ್ನಿ ಮಾವ."

ನನ್ನ ಕೈ ಹಿಡಿದುಕೊಂಡೇ ಬಾಗಿಲು ಎಳೆದರು. ಎಲ್ಲರೂ ಸುಮ್ಮನೆ ನಿಂತೆವು. ಕೋಳಿ ಸಾರಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಬ್ಯಾರನ್ನಿನ ಕಡೆಯಿಂದ ಸೌದೆ ಸಿಡಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ನಿಶ್ಶಬ್ದದಲ್ಲಿ, ತೀರ ಹತ್ತಿರದಿಂದ, ಏನೋ ಗುರುಗುಟ್ಟಿತು. ಉದ್ದಕ್ಕೆ, ನರಳಿದ ಹಾಗೆ.

ಮಂಗಳಾ ನನ್ನ ತೋಳು ಹಿಡಿದಳು. ಮಾವ ಬಾಗಿಲ ಕಡೆ ಮುಖ ತಿರುಗಿಸಿ, ಕೈ ಮುಗಿಯಲು ಎತ್ತಿದರು.

ನಾನು ಹೊಟ್ಟೆ ಹಿಡಿದುಕೊಂಡೆ. ಬೆರಳ ಕೆಳಗೆ ಅದು ಇನ್ನೊಮ್ಮೆ ಕೂಗಿತು. ಎಷ್ಟು ಕಾಲವಾಗಿತ್ತು.

"ಅದು ನಂದು ಮಾವ," ಎಂದೆ. "ನಂಗೆ ಹೊಟ್ಟೆ ಹಸೀತಾ ಅದೆ."